ಉಪ್ಪು ಕಡಿಮೆ ಎಂದವರು

ಊಟಕ್ಕೆ ಕೂತ ಗಂಡನನ್ನು ಹೆಂಡತಿ "ಉಪ್ಪು ಸರಿಯಾಗಿದೆಯಾ?" ಎಂದು ಕೇಳುವುದೂ, ತುತ್ತು ಬಾಯಿಗೆ ಸೇರುವ ಮೊದಲೇ ಅವನು "ಹ್ಞೂಂ, ಸರಿಯಾಗಿದೆ" ಎನ್ನುವುದೂ ಸಂಸಾರದಲ್ಲಿ ಎಷ್ಟು ಸಹಜವಾಗಿ ನಡೆದುಹೋಗುತ್ತದೆಂದರೆ, ಅದನ್ನು ಪ್ರಶ್ನೋತ್ತರ ಎನ್ನುವುದಕ್ಕಿಂತ ಮಂತ್ರ, ಪ್ರತಿಮಂತ್ರ ಎನ್ನುವುದೇ ಮೇಲು. ನಾನಂತೂ ಈ ಪ್ರತಿಮಂತ್ರದಲ್ಲಿ ಘನಪಾಠಿ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ದೇವರಿದ್ದಾನೆಯೇ, ಎದುರಿಗಿರುವ ಮೇಜು ನಿಜವಾಗಿಯೂ ಇದೆಯೇ ಎಂಬ ವಿಷಯಗಳಲ್ಲಿ ಗೆಳೆಯರ ನಿದ್ದೆ ಕೆಡಿಸಿದ ನಾನು, ಆಮೇಲೆ ಹೊಟ್ಟೆಪಾಡಿಗೆ ಚೆನ್ನೈಯ ವಿಮಾ ಕಚೇರಿಯೊಂದರಲ್ಲಿ ಸೇರಿದೆ. ಅಂಬತ್ತೂರಿನ ಕಾರ್ಖಾನೆಗಳಲ್ಲಿ ಸುಟ್ಟ ಸರಕು ಸುಟ್ಟದ್ದು ಹೌದೇ ಎಂದು ಮೂಸಿ ನೋಡುವುದು ನನ್ನ ಕೆಲಸ. ಹೀಗೆ ಓದಿದ್ದೂ ಅನುಮಾನ, ದುಡಿದದ್ದೂ ಅನುಮಾನ. ಆದರೆ ಸಾರಿನ ಉಪ್ಪಿನ ವಿಷಯದಲ್ಲಿ ಮಾತ್ರ ಸಾಕ್ಷಿಯನ್ನೇ ಕೇಳದೆ ತೀರ್ಪು ಕೊಟ್ಟುಬಿಡುತ್ತಿದ್ದೆ.

ಈ ಪ್ರಶ್ನೆಗೆ ರುಚಿ ನೋಡಿ ಉತ್ತರ ಕೊಡುತ್ತಿದ್ದ ಒಬ್ಬರೇ ಒಬ್ಬ ಗಂಡಸನ್ನು ನಾನು ಕಂಡಿದ್ದೇನೆ. ಅವರು ವೆಂಕೋಬರಾಯರು. ರೈಲ್ವೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ, ನುಂಗಂಬಾಕ್ಕಂನ ಒಂದು ಹಿಂಬದಿಯ ಬೀದಿಯಲ್ಲಿ ಹೆಂಡತಿ ಪದ್ದಮ್ಮನ ಜೊತೆ ಇದ್ದವರು. ಮದ್ರಾಸು ಚೆನ್ನೈ ಎಂದು ಹೊಸ ಹೆಸರು ಇಟ್ಟುಕೊಂಡ ಕಾಲದಲ್ಲಿ ನಾವು ಆ ಊರಿಗೆ ಹೋದಾಗ ಮೊದಲು ಪರಿಚಯವಾದವರೂ ಅವರೇ. ಬಾಡಿಗೆಗೆ ನೋಡಿದ ಮನೆಯನ್ನು ಮಾಲೀಕರು "ಗಾಳಿ ಬೆಳಕು ತುಂಬಾ ಚೆನ್ನಾಗಿದೆ" ಎಂದು ತಮಿಳಿನಲ್ಲಿ ವರ್ಣಿಸುತ್ತಿದ್ದಾಗ, ಪಕ್ಕದ ಕಾಂಪೌಂಡಿನಿಂದ ಅಚ್ಚ ಕನ್ನಡದಲ್ಲಿ ಒಂದು ಧ್ವನಿ ಬಂತು: "ಬೆಳಕಿದೆ ಕಣಯ್ಯಾ, ಗಾಳಿ ಇಲ್ಲ. ಕೊಳಾಯೀಲೂ ಬರೋದು ಗಾಳೀನೇ. ಆದರೆ ಮನೆಯವರು ಒಳ್ಳೆಯವರು, ಸೇರ್ಕೋ." ಸೇರಿಕೊಂಡೆವು. ಮೂರು ಮಾತೂ ನಿಜವಾಗಿದ್ದವು.

ಅವರದು ಕಂಚಿನ ಕಂಠ. ಕಾರ್ಖಾನೆಯ ಸುತ್ತಿಗೆಗಳ ನಡುವೆ ಆಯಸ್ಸು ಸವೆಸಿದ್ದರಿಂದ ಕಿವಿ ಮಂದವಾಗಿ, ಗುಟ್ಟು ಎಂಬುದು ಅವರ ದೇಹಪ್ರಕೃತಿಗೇ ಒಗ್ಗದ ಪದಾರ್ಥವಾಗಿತ್ತು. ಅವರು ಯಾರ ಕಿವಿಯಲ್ಲಾದರೂ ಪಿಸುಗುಟ್ಟಿದರೆ ಬೀದಿಯ ತಿರುವಿನ ಇಸ್ತ್ರಿ ಗಾಡಿಯವನು ತಲೆದೂಗುತ್ತಿದ್ದ.

ನಮ್ಮಲ್ಲಿ ಕೆಲವು ಕನ್ನಡದ ಮನೆಗಳು ಸೇರಿ ಒಂದು ಪುಟ್ಟ ಕೂಟ ಮಾಡಿಕೊಂಡಿದ್ದೆವು. ಬ್ಯಾಂಕು, ರೈಲ್ವೆ, ವಿಮೆಯವರೇ ಹೆಚ್ಚು. ಹಿರಿಯರು ಕನ್ನಡದಲ್ಲಿ ಜಗಳವಾಡುತ್ತಿದ್ದರು, ಮಕ್ಕಳು ಆ ಜಗಳವನ್ನು ತಮಿಳಿನಲ್ಲಿ ಅಣಕಿಸುತ್ತಿದ್ದರು. ವರ್ಷಕ್ಕೊಮ್ಮೆ ಶ್ರೀರಾಮನವಮಿಗೆ ಹಳೆಯ ಮನೆಯೊಂದರ ಮಹಡಿಯಲ್ಲಿ ಪೂಜೆ, ಪಾನಕ, ಕೋಸಂಬರಿ, ಊಟ; ಅಡುಗೆ ನಮ್ಮವರದೇ. ಹುಳಿ ಮಾತ್ರ ಯಾವಾಗಲೂ ಪದ್ದಮ್ಮನವರದು. ದೇವರಿಗೆ ನೈವೇದ್ಯ ಆಗುವವರೆಗೆ ಅಡುಗೆಯ ರುಚಿ ನೋಡುವ ಹಾಗಿಲ್ಲ ಎಂಬುದು ನಿಮಗೂ ಗೊತ್ತಿರುವ ನಿಯಮ. ಮನೆಯ ಪಾತ್ರೆಯಲ್ಲಾದರೆ ಕೈಯ ಅಂದಾಜು ಕಾಪಾಡುತ್ತದೆ. ಅಷ್ಟು ದೊಡ್ಡ ಕೊಳದಪ್ಪಲೆಯಲ್ಲಿ ಎಂಥ ಕೈಗೂ ಅಂದಾಜು ತಪ್ಪಬಹುದು. ಹಾಗಾಗಿ ಮಂಗಳಾರತಿ ಮುಗಿದ ಕೂಡಲೇ, ಪಂಕ್ತಿ ಕೂರುವ ಮೊದಲು, ಒಂದು ಬಟ್ಟಲು ಹುಳಿ ವೆಂಕೋಬರಾಯರ ಕೈಗೆ ಹೋಗುತ್ತಿತ್ತು. ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು, ಇಡೀ ಮಹಡಿಗೆ ಕೇಳುವಂತೆ ಕೂಗುತ್ತಿದ್ದರು:

"ಪದ್ದೂ, ಉಪ್ಪು ಕಡಿಮೆ!"

ಪ್ರತಿ ವರ್ಷವೂ ಇದೇ. ಒಮ್ಮೆಯಾದರೂ "ಚೆನ್ನಾಗಿದೆ" ಎಂದದ್ದು ನನಗೆ ನೆನಪಿಲ್ಲ. ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲವಾದರೂ ಈ ವಿಷಯದಲ್ಲಿ ಬೇರೆಯವರ ನೆನಪೂ ಹಾಗೇ ಇದೆ. ಪದ್ದಮ್ಮ ಮರುಮಾತಾಡದೆ ಒಳಗೆ ಹೋಗುತ್ತಿದ್ದರು. ನಮ್ಮ ಹೆಂಗಸರು ಹಲ್ಲು ಕಡಿಯುತ್ತಿದ್ದರು. ನನ್ನ ಹೆಂಡತಿ ಲಲಿತಾ ಒಂದು ಸಲ ತಡೆಯಲಾರದೆ, "ಅಲ್ಲ ಪದ್ದಮ್ಮಾ, ಬೆಳಗಿಂದ ಹೊಗೇಲಿ ಬೆಂದಿದ್ದೀರಿ. ಅಷ್ಟು ಜನರ ಮುಂದೆ ಹಾಗೆ ಕೂಗ್ತಾರಲ್ಲ, ನೀವೊಂದು ಸಲ ತಿರುಗಿ ಹೇಳಬಾರದಾ?" ಎಂದಳಂತೆ. ಪದ್ದಮ್ಮ ನಕ್ಕು, "ಹೇಳೋದು ಏನಿದೆ ಲಲಿತಾ, ಕಡಿಮೆ ಇದ್ರೆ ಕಡಿಮೆ ತಾನೇ?" ಎಂದರಂತೆ. ಪಾಪ, ಹಳೇ ಕಾಲದ ಹೆಣ್ಣುಮಗಳು ಎಂದು ನಾವಿಬ್ಬರೂ ಮನೆಗೆ ಬಂದು ಮರುಗಿದೆವು.

ಅವರ ನಾಲಿಗೆಯಿಂದ ಸತ್ತವರಿಗೂ ವಿನಾಯಿತಿ ಇರಲಿಲ್ಲ. ಕೂಟದ ಹಿರಿಯರೊಬ್ಬರು ತೀರಿಕೊಂಡಾಗ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಎದ್ದು, ಅಗಲಿದವರು ಮೃದುಭಾಷಿಗಳಾಗಿದ್ದರು ಎಂದರು. ಹಿಂದಿನ ಸಾಲಿನಿಂದ ರಾಯರು ಎದ್ದರು. "ಮೃದುಭಾಷೀನಾ? ಅವರೂ ನಾನೂ ಒಂದೇ ಬೀದಿ ಸ್ವಾಮಿ. ಅವರು ಮನೇಲಿ ಬಾಯಿ ತೆಗೆದ್ರೆ ನಮ್ಮ ಬೀದಿ ನಾಯಿಗಳು ಬಾಲ ಮುದುರ್ತಿದ್ವು. ಆದರೆ ಬೇಸಿಗೇಲಿ ನೀರಿನ ಲಾರಿಯವನು ನಮ್ಮ ಬೀದಿ ಬಿಟ್ಟು ಮುಂದೆ ಹೋದಾಗ, ಅದೇ ಗಂಟಲು ಅವನನ್ನ ಹಿಂದಕ್ಕೆ ಕರೆಸಿದ್ದು. ಅದನ್ನ ಹೇಳಿ!" ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಆ ಹಿರಿಯರ ಮಗಳು ಮೊದಲ ಬಾರಿಗೆ ಮುಖ ಎತ್ತಿ, ಅಳುತ್ತಲೇ ನಕ್ಕಳು. ಅದುವರೆಗೆ ಬೇರೆ ಯಾರೋ ಸತ್ತಿದ್ದರು. ಆಗ ಅವಳ ಅಪ್ಪ ಸತ್ತರು.

ರಾಮನವಮಿಯ ಹಿಂದಿನ ದಿನ ಬೆಳಗಿನ ಜಾವ ತರಕಾರಿಗೆಂದು ಅವರ ಜೊತೆ ಕೋಯಂಬೇಡು ಮಾರ್ಕೆಟ್ಟಿಗೆ ಹೋಗುವುದು ಇನ್ನೊಂದು ಬಗೆಯ ತೀರ್ಥಯಾತ್ರೆ. ಅಲ್ಲಿ ನುಗ್ಗೆಕಾಯಿಯೊಂದನ್ನು ಎತ್ತಿ ಹಿಡಿದು, "ಏನಪ್ಪಾ, ಇದು ಮುರುಂಗೈಕ್ಕಾಯಾ, ಇಲ್ಲೆ ಕಿಣತ್ತು ಕಯಿರಾ?" ಎನ್ನುವರು. ನುಗ್ಗೆಕಾಯಿಯೋ ಬಾವಿಯ ಹಗ್ಗವೋ ಎಂದು. ಬೇರೆಯವರು ಅಂದಿದ್ದರೆ ಅಂಗಡಿಯವನು ಅದರಲ್ಲೇ ಬಾರಿಸುತ್ತಿದ್ದನೇನೋ. ಅವನು ಮಾತ್ರ, "ನೀ ವರ್ಲೇನಾ ಮಾರ್ಕೆಟ್ಟೇ ಬೋರ್ ಅಡಿಕ್ಕುದು ಪೆರಿಸು" ಎಂದು, ಮುದುಕರು ಬಾರದಿದ್ದರೆ ಮಾರ್ಕೆಟ್ಟೇ ಬೇಸರ ಎನ್ನುತ್ತ ಒಳಗಿನಿಂದ ಎಳೆಯ ಕಾಯಿಯ ಕಟ್ಟು ತೆಗೆಯುತ್ತಿದ್ದ. ಈ ಮಾತುಕತೆ ಇದೇ ಪದಗಳಲ್ಲಿ ನಡೆಯಿತೇ ಎಂದು ನೀವು ಪಟ್ಟು ಹಿಡಿದರೆ ನಾನು ಪ್ರಮಾಣ ಮಾಡಲಾರೆ. ನುಗ್ಗೆಕಾಯಿ ಖಂಡಿತ ಇತ್ತು.

ಹೀಗಿದ್ದ ರಾಯರು ಒಂದು ಮಧ್ಯಾಹ್ನ, ಊಟ ಮುಗಿಸಿ, ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಬೈಯುತ್ತಿದ್ದವರು ನಡುವೆ ನಿಲ್ಲಿಸಿದರು. ಬೈಗುಳ ಅರ್ಧಕ್ಕೆ ನಿಂತದ್ದರಿಂದಲೇ ಪದ್ದಮ್ಮ ಗಾಬರಿಯಾಗಿ ಓಡಿಬಂದದ್ದಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ವರ್ಷ ಸೂತಕದ ವರ್ಷವಾದ್ದರಿಂದ ಪದ್ದಮ್ಮ ರಾಮನವಮಿಗೆ ಬರಲಿಲ್ಲ, ನಾವೂ ಊಟವಿಟ್ಟುಕೊಳ್ಳದೆ ಪಾನಕದಲ್ಲಿ ಮುಗಿಸಿದೆವು. ವರ್ಷಾಬ್ದಿಕ ಕಳೆದ ಮೇಲೆ ಬಂದ ರಾಮನವಮಿಗೆ ಹುಳಿ ತಾನೇ ಮಾಡುತ್ತೇನೆಂದು ಅವರೇ ಹೇಳಿಕಳಿಸಿದರು. ಗಂಡ ಹೋದವರ ಕೈಯಲ್ಲಿ ದೇವರ ಅಡುಗೆಯೇ ಎಂದು ಒಂದಿಬ್ಬರು ಗಂಟಲು ಸರಿಮಾಡಿಕೊಂಡರು. "ರಾಮನಿಗೆ ಬೇಡ ಅಂದ್ರೆ ಅವನು ಹೇಳ್ತಾನೆ, ನೀವ್ಯಾಕೆ ಮಧ್ಯೆ?" ಎಂದು ಪದ್ದಮ್ಮ ಕೇಳಿದಾಗ ಆ ಗಂಟಲುಗಳು ತಾವಾಗಿ ಸರಿಹೋದವು.

ಅದೇ ದಿನ ಊಟವಾದ ಮೇಲೆ ರಾಯರನ್ನು ನೆನೆದು ಒಬ್ಬರು ಮಾತಾಡಬೇಕೆಂದು ಕೂಟ ನಿಶ್ಚಯಿಸಿತು. ಭಾಷಣ ಊಟದ ನಂತರ ಎಂಬುದು ರಾಯರೇ ಹಾಕಿಕೊಟ್ಟ ಪದ್ಧತಿ. "ಹಸಿದವನ ಮುಂದೆ ಭಾಷಣ ಮಾಡೋದು ಹಿಂಸೆ; ಉಂಡವನು ಆದ್ರೆ ನಿದ್ದೆ ಮಾಡಿ ಬಚಾವಾಗ್ತಾನೆ" ಎನ್ನುತ್ತಿದ್ದರು. ಯಾರು ಮಾತಾಡುವುದು ಎಂಬ ಪ್ರಶ್ನೆಗೆ ಪದ್ದಮ್ಮ ನನ್ನ ಹೆಸರು ಹೇಳಿದರು. ನಾನು ಅವರ ಮನೆಗೆ ಹೋಗಿ, ನನಗಿಂತ ಚೆನ್ನಾಗಿ ಮಾತಾಡುವವರಿದ್ದಾರಲ್ಲ ಎಂದೆ.

"ಇದ್ದಾರೆ" ಎಂದು ತಕ್ಷಣ ಒಪ್ಪಿಕೊಂಡರು. ಗಂಡನ ಗಾಳಿ ಸ್ವಲ್ಪ ಬೀಸಿತ್ತು. "ಅವರು ಹೋದಾಗಿಂದ ಬಂದೋರೆಲ್ಲ ಚಂದಚಂದದ ಮಾತೇ ಆಡ್ತಾರೆ ಮೂರ್ತಿ. ಅವರು ದೇವರಂತೆ, ನನ್ನ ಕಾಫಿ ಅಮೃತವಂತೆ. ಮೊನ್ನೆ ಹಾಲು ಒಡೆದಿತ್ತು, ಅದನ್ನೂ ಕುಡಿದು ಚೆನ್ನಾಗಿದೆ ಅಂದ್ರು. ಈ ಮನೇಲಿ ಯಾರೂ ಸರಿಯಾಗಿ ಮಾತಾಡಿ ವರ್ಷ ಆಯ್ತು ಕಣಪ್ಪ. ನೀನು ಎಲ್ಲದಕ್ಕೂ ಅನುಮಾನ ಪಡೋನು. ಅವರ ವಿಷಯ ನಿಜವಾಗಿ ನಡೆದದ್ದು ಒಂದೇ ಒಂದು ಹೇಳು, ಸಾಕು."

ಒಂದೇ ಒಂದು ನಿಜ! ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಆದರೂ ಮೊದಲಿಗೆ ಧೈರ್ಯವಿತ್ತು. ಏಕೆಂದರೆ ನನ್ನ ಬಳಿ ಒಂದು ಒಡವೆಯಿತ್ತು. ರಾಜ್ಯೋತ್ಸವದ ಸಭೆಯೊಂದರಲ್ಲಿ ನಾನು ಒಂದು ಪ್ರಬಂಧ ಓದಿದ್ದೆ. ಮುಗಿದ ಮೇಲೆ ರಾಯರು ಹೆಗಲ ಮೇಲೆ ಕೈಯಿಟ್ಟು, "ಚೆನ್ನಾಗಿತ್ತು ಕಣಯ್ಯಾ. ಆದರೆ ಊರು ಬಂದಮೇಲೂ ನೀನು ರೈಲು ಇಳೀಲೇ ಇಲ್ಲ" ಎಂದಿದ್ದರು. ಅಷ್ಟು ನಯವಾಗಿ, ಅಷ್ಟು ನಿಷ್ಠುರವಾಗಿ ನನ್ನ ಬರವಣಿಗೆಯನ್ನು ಯಾವ ಪ್ರಾಧ್ಯಾಪಕರೂ ವಿಮರ್ಶಿಸಿರಲಿಲ್ಲ. ಆ ಮಾತನ್ನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿ ಹೊಳಪು ಕೊಟ್ಟಿದ್ದೆ. ಅದನ್ನೇ ಹೇಳುವುದೆಂದು ತೀರ್ಮಾನಿಸಿ, ಬ್ಯಾಂಕಿನ ಗೆಳೆಯ ಅನಂತರಾಮುವಿನ ಮುಂದೆ ಒಮ್ಮೆ ಅಭ್ಯಾಸ ಮಾಡಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು, "ಲೋ, ಅದು ನನಗೆ ಹೇಳಿದ್ದು ಕಣೋ! ನನ್ನ ಭಾಷಣಕ್ಕೆ! ಕೈಯಿಟ್ಟಿದ್ದು ನನ್ನ ಹೆಗಲ ಮೇಲೆ!" ಎಂದ.

ಮನೆಗೆ ಬಂದು ಲಲಿತಾಳನ್ನು ಕೇಳಿದೆ. ಅವಳು ಹುರುಳಿಕಾಯಿ ಹೆಚ್ಚುತ್ತ, ಯಾವ ಕನಿಕರವೂ ಇಲ್ಲದೆ, "ಅನಂತರಾಮುಗೇ ಹೇಳಿದ್ದು. ನಾನು ಅಲ್ಲೇ ಇದ್ದೆ. ನೀವು ಆವತ್ತು ಬರಲೇ ಇಲ್ಲ, ಅಂಬತ್ತೂರಲ್ಲಿ ಏನೋ ಸುಟ್ಟುಹೋಗಿತ್ತಲ್ಲ" ಎಂದಳು.

ಓದುಗರೇ, ಹೆಗಲ ಮೇಲಿನ ಆ ಕೈಯ ಭಾರ ನನಗೆ ಈಗಲೂ ಗೊತ್ತಾಗುತ್ತದೆ. ಹಸ್ತದ ಒರಟು, ಬೆರಳಲ್ಲಿ ನಶ್ಯದ ವಾಸನೆ, ಎಲ್ಲವೂ. ನಾನಿಲ್ಲದ ಜಾಗದಲ್ಲಿ ನಿಂತು, ಇನ್ನೊಬ್ಬನ ಹೆಗಲಿನಿಂದ ಅದನ್ನು ಎತ್ತಿಕೊಂಡು ಬಂದೆನೇ? ಅಂಬತ್ತೂರಿನಲ್ಲಿ ಬೆಂಕಿ ನೋಡಿದ ಕಾವಲುಗಾರರು ಒಬ್ಬೊಬ್ಬರು ಒಂದೊಂದು ಕಡೆಯಿಂದ ಹೊಗೆ ಎದ್ದಿತೆಂದು ಆಣೆಯಿಟ್ಟು ಹೇಳುವಾಗ ಒಳಗೊಳಗೇ ನಗುತ್ತಿದ್ದವನು ನಾನು. ಅಂದಿನಿಂದ ಅವರ ಬಗ್ಗೆ ಗೌರವ ಹುಟ್ಟಿತು. ಮಿಕ್ಕ ನೆನಪುಗಳನ್ನೂ ಒಂದೊಂದಾಗಿ ವಿಚಾರಣೆಗೆ ಕರೆದೆ. ಬಾಡಿಗೆ ಮನೆಯ ಮಾತು ನಾನು ಕೇಳಿದ್ದೋ, ಲಲಿತಾ ಹೇಳಿದ್ದೋ? ಬಾಲ ಮುದುರಿದ್ದು ನಾಯಿಗಳೋ, ಲಾರಿಯವನೋ? ಎಲ್ಲ ಸಾಕ್ಷಿಗಳೂ ತೊದಲತೊಡಗಿದವು. ರಾಯರಿಂದ ಬೈಸಿಕೊಂಡದ್ದು ನಮ್ಮ ಕೂಟದಲ್ಲಿ ಒಂದು ಬಿರುದಿನಂತಾಗಿ, ಒಂದೊಂದು ಬೈಗುಳಕ್ಕೂ ಹಲವು ವಾರಸುದಾರರು ಹುಟ್ಟಿಕೊಂಡಿದ್ದರು. ನನ್ನ ಪಾಲಿಗೆ ಒಂದಾದರೂ ಖಚಿತವಾಗಿ ಬಂದಿತ್ತೇ ಎಂಬುದೇ ನನಗೆ ಸಂಶಯವಾಯಿತು. ಅವರು ನನ್ನನ್ನು ಬೈಯಲು ಯೋಗ್ಯ ಎಂದುಕೊಂಡಿದ್ದರೇ, ಅಥವಾ ನಾನು ಸುಮ್ಮನೆ ಪಕ್ಕದ ಮನೆಯವನೇ?

ಹೀಗೆ ಬರಿಗೈಯಲ್ಲೇ ರಾಮನವಮಿಗೆ ಹೋದೆ. ಮಂಗಳಾರತಿಯಾಯಿತು. ಘಂಟೆಯ ಸದ್ದು ನಿಂತ ಮೇಲೆ ಎಲ್ಲರೂ ಒಂದು ಕ್ಷಣ ಸುಮ್ಮನೆ ನಿಂತಿದ್ದರು, ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅಡುಗೆಮನೆಯ ಹೊಸ್ತಿಲ ಒಳಗೆ ಪದ್ದಮ್ಮ ಸೌಟು ಹಿಡಿದು ನಿಂತಿದ್ದರು. ಆಮೇಲೆ ಯಾರೋ "ಎಲೆ ಹಾಕಿ, ಎಲೆ ಹಾಕಿ" ಎಂದರು. ಪಂಕ್ತಿ ಕೂತಿತು.

ಅನ್ನ ಬಂತು, ಹುಳಿ ಬಂತು. ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪೇ ಇಲ್ಲವೆಂದರೂ ಸಲ್ಲುವಷ್ಟು ಸಪ್ಪೆ. ನನ್ನ ನಾಲಿಗೆಯನ್ನೂ ಅನುಮಾನಿಸುವುದು ನನ್ನ ಸ್ವಭಾವವಾದ್ದರಿಂದ ಇನ್ನೊಂದು ತುತ್ತು ತಿಂದು ಸುತ್ತ ನೋಡಿದೆ. ಎಲ್ಲರ ಬಾಯಲ್ಲೂ ಸ್ತೋತ್ರ. "ಪದ್ದಮ್ಮನ ಕೈ ಅಂದ್ರೆ ಕೈ." "ಏನು ಘಮ!" "ಇದೇ ಹುಳಿ, ಅದೇ ರುಚಿ." ಆದರೆ ಬಾಯಿ ಹೊಗಳುತ್ತಿದ್ದಾಗ ಪ್ರತಿಯೊಬ್ಬರ ಬೆರಳೂ ಕಳ್ಳ ಬೆಕ್ಕಿನಂತೆ ಎಲೆಯ ತುದಿಗೆ ಹೋಗಿ, ಅಲ್ಲಿ ಬಡಿಸಿದ್ದ ಚಿಟಿಕೆ ಉಪ್ಪನ್ನು ಅನ್ನದೊಳಗೆ ಎಳೆದು ತರುತ್ತಿತ್ತು. ಎದುರು ಸಾಲಿನಲ್ಲಿ ಅನಂತರಾಮುವಿನ ಎಲೆಯಲ್ಲಿ ಉಪ್ಪು ಪೂರ್ತಿ ಮುಗಿದು, ಅವನು ಪಕ್ಕದವರ ಎಲೆಯ ಕಡೆ ಆಸೆಯಿಂದ ನೋಡುತ್ತಿದ್ದ. ನೋಡುತ್ತಲೇ "ಅಮೃತ" ಎಂದ.

ಪದ್ದಮ್ಮ ಹುಳಿಯ ಪಾತ್ರೆ ಹಿಡಿದು ಬಂದರು. ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಿದ್ದರು. "ಹೇಗಿದೆ?" "ತುಂಬಾ ಚೆನ್ನಾಗಿದೆ ಪದ್ದಮ್ಮಾ." ಮುಂದೆ. "ಹೇಗಿದೆ?" "ಬ್ರಹ್ಮಾಂಡ!" ಒಂದೊಂದು ಹೊಗಳಿಕೆಗೂ ಅವರ ಮುಖ ಒಂದಿಷ್ಟು ಕುಂದುತ್ತಿತ್ತು. ಎಲ್ಲರೂ ಕರುಣೆಯಿಂದಲೇ ಹೇಳುತ್ತಿದ್ದರು. ಆ ಕರುಣೆಯಲ್ಲಿ ಅವರು ಮುಳುಗಿಹೋಗುತ್ತಿದ್ದಂತೆ ಕಂಡಿತು. ನನ್ನ ಮುಂದೆ ಬಂದರು. ಕೇಳಲೂ ಇಲ್ಲ, ಸುಮ್ಮನೆ ನೋಡಿದರು.

ನನ್ನ ಗಂಟಲಿಗೆ ಏನಾಯಿತೋ ಕಾಣೆ. ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಇಡೀ ಮಹಡಿಗೆ ಕೇಳಿಸಿತು:

"ಪದ್ದಮ್ಮಾ, ಉಪ್ಪು ಕಡಿಮೆ!"

ಪಂಕ್ತಿಯಲ್ಲಿ ಕೈಗಳು ನಿಂತವು. ಲಲಿತಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಪದ್ದಮ್ಮ ಪಾತ್ರೆಯನ್ನು ನೆಲದ ಮೇಲಿಟ್ಟು, "ಅಬ್ಬಾ! ಯಾರೂ ಹೇಳೋದೇ ಇಲ್ವೇನೋ ಅಂದ್ಕೊಂಡೆ" ಎಂದು ಸೊಂಟದ ಮೇಲೆ ಕೈಯಿಟ್ಟರು. "ಎಷ್ಟು ಹೊತ್ತಪ್ಪಾ ನಿಮಗೆಲ್ಲ? ಒಲೆ ಪಕ್ಕ ಉಪ್ಪುನೀರು ಕಾಯಿಸಿಟ್ಟು ಆಗಿಂದ ಕಾಯ್ತಿದ್ದೀನಿ."

ಒಳಗೆ ಹೋಗಿ ತಟ್ಟೆ ಮುಚ್ಚಿದ್ದ ಒಂದು ಚೆಂಬು ತಂದರು. ಹುಳಿಗೆ ಸುರಿದು, ಸೌಟಿನಿಂದ ತಿರುವುತ್ತ, ಮಗ್ಗಿ ಹೇಳಿಕೊಡುವ ಮೇಡಮ್ಮನ ಹಾಗೆ ನಮಗೆ ವಿವರಿಸಿದರು: "ನೈವೇದ್ಯಕ್ಕೆ ಮುಂಚೆ ಬಾಯಿಗಿಡೋ ಹಾಗಿಲ್ಲ. ಅಷ್ಟು ದೊಡ್ಡ ಪಾತ್ರೆ. ಜಾಸ್ತಿ ಬಿದ್ರೆ ತೆಗೆಯಕ್ಕಾಗತ್ತಾ? ಅದಕ್ಕೇ ಬೇಕಂತಲೇ ಕಮ್ಮಿ ಹಾಕ್ತಿದ್ದೆ. ಅವರು ರುಚಿ ನೋಡಿ ಕೂಗೋರು. ಕೂಗೋದರಲ್ಲೇ ನನಗೆ ಎಷ್ಟು ಹಾಕಬೇಕು ಅಂತ ಗೊತ್ತಾಗೋದು. ಮೆಲ್ಲಗೆ ಕೂಗಿದ್ರೆ ಅರ್ಧ ಚೆಂಬು, ಜೋರಾಗಿ ಕೂಗಿದ್ರೆ ಪೂರ್ತಿ. 'ರಾಮನಿಗೆ ಕಮ್ಮಿ ಉಪ್ಪೇ ಒಳ್ಳೇದು ಪದ್ದೂ, ಅವನಿಗೂ ವಯಸ್ಸಾಯ್ತು, ಬಿ.ಪಿ. ಇರತ್ತೆ' ಅನ್ನೋರು. ಇವತ್ತೂ ಕೈ ಹಾಗೇ ಕಮ್ಮಿ ಹಾಕ್ಬಿಡ್ತು ನೋಡಿ. ಹಾಕಿದ ಮೇಲೆ ನೆನಪಾಯ್ತು, ಕೂಗೋರಿಲ್ಲ ಅಂತ. ಆದರೂ ನೀರು ಕಾಯಿಸಿಟ್ಟೆ." ಅಷ್ಟು ಹೇಳಿ ಸೌಟು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು. ಹಬೆಯೂ ಇತ್ತು.

ಅಷ್ಟು ವರ್ಷ ನಾವು ಕೂಗಿನಲ್ಲಿ ಬೈಗುಳ ಕೇಳಿದ್ದೆವು, ಪದ್ದಮ್ಮ ಅದರಲ್ಲಿ ಅಳತೆ ಕೇಳಿದ್ದರು. ಒಂದು ದಾಂಪತ್ಯದ ನಡುಮನೆಯೊಳಗೆ ಹೊರಗಿನವರು ಹೇಗೆ ಕಣ್ಣಿದ್ದೂ ಕುರುಡರಾಗಿ ಕೂತಿರುತ್ತೇವೆ ಎಂದು ಲಲಿತಾ ಆಮೇಲೆ ಎಷ್ಟೋ ದಿನ ಹೇಳುತ್ತಿದ್ದಳು. ಹಲ್ಲು ಕಡಿದವರಲ್ಲಿ ತಾನೇ ಮೊದಲಿಗಳೆಂಬುದನ್ನು ಸೇರಿಸಿಯೇ.

ಹುಳಿ ಮತ್ತೊಂದು ಸುತ್ತು ಬಂತು. ಯಾರೂ ಹೊಗಳಲಿಲ್ಲ. ಎಲ್ಲರೂ ಮೂರನೆಯ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ನಾನು ಭಾಷಣಕ್ಕೆಂದು ಎದ್ದೆ. ಪದ್ದಮ್ಮ ಗೋಡೆಗೊರಗಿ ಕೂತಿದ್ದವರು, "ನೀನು ಹೇಳೋದು ಆಯ್ತಲ್ಲಪ್ಪ, ಕೂತ್ಕೋ. ಇವರೆಲ್ಲ ಮಲಗಲಿ" ಎಂದರು. ಅದು ಅವರ ಗಂಡನದೇ ಮಾತಿನ ಧಾಟಿ. ಆ ಬೈಗುಳ ಬಂದದ್ದು ನನಗೇ, ನನ್ನೊಬ್ಬನಿಗೇ. ಇದಕ್ಕೆ ಮಹಡಿ ತುಂಬ ಸಾಕ್ಷಿಗಳಿದ್ದರು.

ಇದ್ದರು ಎಂದು ನಾನು ತಿಳಿದದ್ದೂ ಹೆಚ್ಚು ಕಾಲ ಉಳಿಯಲಿಲ್ಲ. ಕೆಲವು ವರ್ಷಗಳ ನಂತರ ಒಂದು ಮದುವೆಯಲ್ಲಿ ಅನಂತರಾಮು ಹೊಸಬರೊಬ್ಬರಿಗೆ ಕೈ ಬೀಸಿ ವಿವರಿಸುತ್ತಿದ್ದ: "ಯಾರಿಗೂ ಬಾಯೇ ಬರಲಿಲ್ಲ ಸಾರ್. ನಾನೇ ಕೊನೆಗೆ ಗಟ್ಟಿ ಮನಸ್ಸು ಮಾಡಿ ಕೂಗಿದೆ, 'ಪದ್ದಮ್ಮಾ, ಉಪ್ಪು ಕಡಿಮೆ!' ಅಂತ." ಅವನ ಕಣ್ಣಲ್ಲಿ ನೀರಿತ್ತು; ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ನನ್ನ ಹೆಗಲ ಮೇಲೆ ಅವನ ಪಾಲಿನ ಕೈಯೊಂದು ಇನ್ನೂ ಇತ್ತಲ್ಲ. ಹಾಗೆ ನೋಡಿದರೆ ಯಾರು ಕೂಗಿದರು ಎಂಬುದಕ್ಕಿಂತ, ಒಲೆಯ ಪಕ್ಕ ಒಂದು ಚೆಂಬು ಬಿಸಿಯಾಗಿ ಕಾದಿತ್ತು ಎಂಬುದೇ ಮುಖ್ಯ ಎಂದು ಈಗೀಗ ನನಗೆ ಅನಿಸುತ್ತದೆ.

ಮದುವೆಯಿಂದ ಮರಳಿದ ಮಾರನೆಯ ದಿನ ಊಟಕ್ಕೆ ಕೂತಿದ್ದೆ. ಲಲಿತಾ ಸಾರು ಬಡಿಸಿ, "ಉಪ್ಪು ಸರಿಯಾಗಿದೆಯಾ?" ಎಂದಳು. ಪ್ರತಿಮಂತ್ರ ನಾಲಿಗೆಯ ತುದಿಗೆ ಬಂದಿತ್ತು. ಹಾಗೇ ಕತ್ತೆತ್ತಿ ನೋಡಿದರೆ, ಅವಳು ಸೌಟನ್ನು ಪಾತ್ರೆಗೆ ಇಳಿಸದೆ, ಗಾಳಿಯಲ್ಲೇ ಹಿಡಿದು ನಿಂತಿದ್ದಳು. ಇಷ್ಟು ವರ್ಷವೂ ಹೀಗೇ ನಿಲ್ಲುತ್ತಿದ್ದಳೋ ಏನೋ, ನಾನು ನೋಡಿದವನಲ್ಲ. ತುತ್ತು ಬಾಯಿಗಿಟ್ಟೆ. ಕಣ್ಣು ಮುಚ್ಚಿದೆ.

"ಒಂಚೂರು ಕಮ್ಮಿ" ಎಂದೆ.

"ಅಂತೂ ಬಾಯಿ ಬಂತು" ಎಂದು ಅವಳು ಉಪ್ಪಿನ ಡಬ್ಬಿಗೆ ಕೈ ಹಾಕಿದಳು.